ರಾಮಯ್ಯನವರ ಕೊಡೆಗೆ ನಾನು ಹೊಲಿದ ಬಟ್ಟೆ

ದೇವರು ಕೆಲವರಿಗೆ ವಿದ್ಯೆ ಕೊಡುತ್ತಾನೆ, ಇನ್ನು ಕೆಲವರಿಗೆ ವಿದ್ಯಾವಂತರ ಚೇಷ್ಟೆಗಳನ್ನಷ್ಟೇ ಕೊಡುತ್ತಾನೆ. ನಾನು ಎರಡನೆಯ ಸಾಲಿನವನು. ವೈದ್ಯರ ಹಾಗೆ ಕೈ ಹಿಡಿದು ಹುಬ್ಬು ಗಂಟಿಕ್ಕಬಲ್ಲೆ. ನಾಡಿ ಎಲ್ಲಿದೆಯೆಂದು ಮಾತ್ರ ಗೊತ್ತಿಲ್ಲ. ಬಸ್ ಏಜೆಂಟರ ಹಾಗೆ ಮೂಗಿನಲ್ಲಿ “ಹೊಸನಗರ, ತೀರ್ಥಳ್ಳೀ!” ಎಂದು ಕೂಗಿ, ಬಸ್ಸೇ ಇಲ್ಲದ ನಿಲ್ದಾಣಕ್ಕೆ ಮೂರು ಜನರನ್ನು ಓಡಿಸಿದ್ದೇನೆ. ನನ್ನನ್ನೇ ಅಣಕಿಸಿಕೊಳ್ಳಲೂ ಬರುತ್ತದೆ. ಅದಕ್ಕೆ ಶ್ರಮವಿಲ್ಲ, ಸುಮ್ಮನೆ ನಿಂತರೆ ಸಾಕು.

ಆದರೆ ಸಾಗರದ ಪೇಟೆಯಲ್ಲಿ ನನಗೆ ಹೆಸರು ತಂದದ್ದು ದರ್ಜಿ ಗುಂಡಣ್ಣನ ಅಣಕ. ನನ್ನ ಜನ್ಮದ ಮೊದಲ ಪ್ಯಾಂಟಿನ ಬಟ್ಟೆ, ಬಿಸ್ಕತ್ತಿನ ಬಣ್ಣದ ಟೆರಿಲಿನ್, ಎರಡು ತಿಂಗಳಿಂದ ಅವನ ಬೀರುವಿನಲ್ಲಿ ಮಲಗಿತ್ತು. ತೀರ್ಥಹಳ್ಳಿಯಲ್ಲಿ ಗೆಳೆಯನ ಮದುವೆಗೆ ಅದನ್ನು ತೊಟ್ಟೇ ಬರುತ್ತೇನೆಂದು ಊರಿಗೆಲ್ಲ ಸಾರಿದ್ದೆ. ಕೇಳಲು ಹೋದಾಗಲೆಲ್ಲ ಗುಂಡಣ್ಣ ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಎರಡು ಸಲ ಕೆಮ್ಮಿ, “ನಾಳೆ ಬಾ ಮಾರಾಯಾ” ಎನ್ನುತ್ತಿದ್ದ. ಪ್ಯಾಂಟು ಸಿಗಲಿಲ್ಲ, ಕೆಮ್ಮು ಸಿಕ್ಕಿತು.

ಒಂದು ದಿನ ತಾಲ್ಲೂಕು ಕಚೇರಿಯ ಎದುರು ಈ ಕೆಮ್ಮನ್ನು ಪ್ರದರ್ಶಿಸುತ್ತಿದ್ದೆ. ಅಲ್ಲಿ ದೊಡ್ಡ ಕೊಡೆ ನೆಟ್ಟುಕೊಂಡು ಅರ್ಜಿ ಬರೆದುಕೊಡುವ ರಾಮಯ್ಯನವರು ಹೊಟ್ಟೆ ಹಿಡಿದು ನಕ್ಕರು. ಬಿಸಿಲಿಗೆ ಜಲ್ಲಡೆಯಾದ ಕೊಡೆಬಟ್ಟೆಯಿಂದ ಅವರ ಬೋಳುತಲೆಯ ಮೇಲೆ ಬೆಳಕಿನ ಚುಕ್ಕಿಗಳೂ ನಕ್ಕವು.

“ಥೇಟ್ ಗುಂಡಣ್ಣನೇ! ನಿಂಗೆ ಹೊಲಿಗೇನೂ ಬರ್ತದಾ ಹಂಗಾದ್ರೆ? ಕರೀ ಬಟ್ಟೆ ತಂದಿಟ್ಟಿದೀನಿ. ಸಂತೆಯೊಳಗೆ ಆಗ್ಬೇಕಿತ್ತು.”

ಸಂತೆಯ ದಿನವೇ ಹಳ್ಳಿಯವರು ಅರ್ಜಿಗೆ ಬರುವುದು. ನೆರಳಿಲ್ಲದಿದ್ದರೆ ಅವರೆಲ್ಲ ಎದುರಿನ ಮರದಡಿ ಕೂರುವ ಇನ್ನೊಬ್ಬ ಬರಹಗಾರರ ಪಾಲು. ‘ಬರುವುದಿಲ್ಲ’ ಎನ್ನಬೇಕಾದ ಕಡೆ ನಾನು ಎರಡು ಸಲ ಕೆಮ್ಮಿ, ಹೊಸ ಬಟ್ಟೆಯ ಜೊತೆ ಕೊಡೆಯಿಂದ ಕಳಚಿದ ಹಳೆಯದನ್ನೂ ಕಂಕುಳಲ್ಲಿ ಇಟ್ಟುಕೊಂಡೆ.

ಮನೆಯಲ್ಲಿ ಅಕ್ಕನ ಹೊಲಿಗೆ ಯಂತ್ರವಿತ್ತು. ಹಳೆಯ ಬಟ್ಟೆಯ ಒಂದು ತುಂಡನ್ನು ಬಿಚ್ಚಿ, ಹೊಸದರ ಮೇಲಿಟ್ಟು, ಅಂಚಿಗೆ ಸರಿಯಾಗಿ ಗೀಟೆಳೆದು ಎಂಟು ತ್ರಿಕೋನ ಕತ್ತರಿಸಿದೆ. ಅಕ್ಕ ಇಣುಕಿದಳು: “ಹೊಲಿಗೆಗೆ ಅಂತ ಬಟ್ಟೆ ಬಿಟ್ಕೊಂಡ್ಯೇನೋ?”

ನಾನು ಸೊಂಟಕ್ಕೆ ಕೈಯಿಟ್ಟು, ಮೂಗೆತ್ತಿ, ಅವಳದೇ ಧಾಟಿಯಲ್ಲಿ “ಬಿಟ್ಕೊಂಡ್ಯೇನೋ?” ಎಂದೆ. ಅವಳೂ ನಕ್ಕಳು, ನಾನೂ ನಕ್ಕೆ. ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.

ಸಂತೆಯ ಹಿಂದಿನ ದಿನ ಬೆಳಿಗ್ಗೆ ಕೊಡೆಯೇ ಉತ್ತರ ಕೊಟ್ಟಿತು. ಪ್ರತಿ ತುಂಡಿನ ಎರಡೂ ಅಂಚಿನಲ್ಲಿ ಒಂದೊಂದು ಬೆರಳಿನಷ್ಟು ಹೊಲಿಗೆಯೊಳಗೆ ಹೋಗಿತ್ತು. ಎಂಟು ತುಂಡಿಗೆ ಹದಿನಾರು ಬೆರಳು. ಬಟ್ಟೆಯನ್ನು ಕಡ್ಡಿಗಳಿಗೆ ಕಟ್ಟಿ, ಬಿಚ್ಚಲೆಂದು ರಾಮಯ್ಯನವರು ಒತ್ತಿದರು, ನಾನು ಒತ್ತಿದೆ, ಕಚೇರಿಯ ಜವಾನರೂ ಬಂದು ಒತ್ತಿದರು. ಕೊಡೆ ಅರಳದ ಅಣಬೆಯಂತೆ ಅರ್ಧಕ್ಕೇ ನಿಂತಿತು. ಅದರಡಿ ಕುಳಿತ ರಾಮಯ್ಯನವರು ಎದೆಯಿಂದ ಕೆಳಗೆ ಮಾತ್ರ ಕಾಣುತ್ತಿದ್ದರು. ಹಳ್ಳಿಯವನೊಬ್ಬ ಬಗ್ಗಿ, “ಒಳಗೆ ಯಾರಿದೀರಿ?” ಎಂದ.

“ನಾನೇ ಕಣಾ!” ಎಂದಿತು ಕೊಡೆ.

ನಾನು ನಗುತ್ತಿದ್ದಂತೆ ಒಳಗಿನಿಂದ ಇನ್ನೊಂದು ಮಾತು ಮೆಲ್ಲಗೆ ಬಂತು: “ನಾಳೆ ಸಂತೆ ಮಾರಾಯಾ. ಎಲ್ಲ ಆ ಮರದಡಿಗೆ ಹೋಗ್ತಾರೆ.”

ಆ ಧ್ವನಿಯನ್ನು ಅಣಕಿಸಲು ನನಗೆ ಇವತ್ತಿಗೂ ಬಂದಿಲ್ಲ.

ಕೊಡೆ ಹೊತ್ತು ಗುಂಡಣ್ಣನಲ್ಲಿಗೆ ಹೋದೆ. ಅವನು ಹೊಲಿಗೆಗಳನ್ನೆಲ್ಲ ತಡವಿ ನೋಡಿ ಎರಡು ಸಲ ಕೆಮ್ಮಿದ.

“ಕೆಮ್ಮೋದು ಚೆನ್ನಾಗಿ ಕಲ್ತಿದೀಯಂತೆ. ಅಷ್ಟಕ್ಕೆ ಕೊಡೆ ಬಿಚ್ಚೂದಿಲ್ಲ. ಎಂಟೂ ಹೊಲಿಗೆ ಕಿತ್ತು ಮಧ್ಯೆ ಪಟ್ಟಿ ಕೂರಿಸ್ಬೇಕು. ಬಟ್ಟೆ ಎಲ್ಲಿ?”

“ಗುಂಡಣ್ಣಾ, ನಿನ್ನ ಹತ್ರನೇ ಯಾವುದಾದ್ರೂ ತುಂಡು...”

“ಇಲ್ಲಿರೋದೆಲ್ಲ ಗಿರಾಕಿಗಳದ್ದು.” ಬೀರು ತೆಗೆದ. “ಇದೊಂದು ಮಾತ್ರ ನಿಂದು.”

ಬಿಸ್ಕತ್ತಿನ ಬಣ್ಣ ಮಿನುಗಿತು. ತೀರ್ಥಹಳ್ಳಿಯ ಮದುವೆ ಕಣ್ಣಿಗೆ ಬಂತು, ಹಿಂದೆಯೇ ಆ ಮರವೂ ಬಂತು. ಗೋಣು ಆಡಿಸಿ ಮುಖ ತಿರುಗಿಸಿಕೊಂಡೆ. ಕತ್ತರಿಯ ಸದ್ದು ಮಾತ್ರ ಕೇಳಿಸಿತು. ಎರಡು ತಿಂಗಳಲ್ಲಿ ಒಂದು ಪ್ಯಾಂಟು ಹೊಲಿಯಲಾಗದವನು ಸಂಜೆಯೊಳಗೆ ಕೊಡೆ ಮುಗಿಸಿಬಿಟ್ಟ!

ಮಾರನೆಯ ದಿನ ಕಪ್ಪು ಬಟ್ಟೆಯ ಮೇಲೆ ಎಂಟು ಬಿಸ್ಕತ್ತು ಪಟ್ಟೆಗಳ ಕೊಡೆ ಪೂರಾ ಅರಳಿತು. ನೋಡಲೆಂದು ಬಂದವರೂ ಒಂದೊಂದು ಅರ್ಜಿ ಬರೆಸಿಕೊಂಡು ಹೋದರು. ರಾಮಯ್ಯನವರಿಗೆ ತಲೆಯೆತ್ತಲು ಪುರುಸೊತ್ತಿರಲಿಲ್ಲ. ಉಳಿದ ಬಟ್ಟೆಯಲ್ಲಿ ಗುಂಡಣ್ಣ ನನಗೊಂದು ಚಡ್ಡಿ ಹೊಲಿದುಕೊಟ್ಟ. ಮದುವೆಗೆ ಪಂಚೆಯಲ್ಲೇ ಹೋಗಿಬಂದೆ.

ಪ್ಯಾಂಟು ಏನಾಯಿತೆಂದು ಗೆಳೆಯರು ಕೇಳಿದರೆ ನಾನು ಸುಳ್ಳು ಹೇಳುವುದಿಲ್ಲ, ತಾಲ್ಲೂಕು ಕಚೇರಿಯ ಕಡೆ ಬೆರಳು ತೋರಿಸುತ್ತೇನೆ. ನನಗಿಂತ ಎತ್ತರದಲ್ಲಿ, ನನಗಿಂತ ನೆಟ್ಟಗೆ ನಿಂತು, ಯಾರನ್ನೂ ಅಣಕಿಸದೆ, ಅದು ದಿನವೂ ನಾಲ್ಕು ಜನರ ಉಪಯೋಗಕ್ಕೆ ಬರುತ್ತಿದೆ. ನಾನು ತೊಟ್ಟಿದ್ದರೆ ಆಗುತ್ತಿತ್ತೇ?