ಹೊಗೆಯಿಲ್ಲದ ಒಲೆ, ಅಟ್ಟದ ಹಾವು

ದುರ್ಗಯ್ಯನಿಗೆ ಗ್ರಹಚಾರ ಗಂಟುಬಿದ್ದದ್ದು ಒಂದು ಒಲೆಯಿಂದ. ಎಂಬತ್ತಮೂರನೇ ಇಸವಿ. ಕಿಬ್ಬನಹಳ್ಳಿ ಕಡೆಯ ಕಾಲೇಜೊಂದರ ಹಾಸ್ಟೆಲಿಗೆ ಅವನು ಅಡುಗೆಯವನು. ಅಲ್ಲಿನ ಲೆಕ್ಚರರ್ ಗಂಗಾಧರಯ್ಯ, ಸೌದೆ ಉಳಿಸಿ ಕಾಡು ಕಾಯುವ ಸಂಶೋಧನೆ ಅಂತ ಹೊಗೆಯಿಲ್ಲದ ಒಲೆ ಕಟ್ಟಿಸಿದರು. ಕಾಡನ್ನು ಅವರು ನೋಡಿದ್ದು ಕ್ಯಾಲೆಂಡರಿನಲ್ಲಿ. ಹೊಗೆ ಕೊಳವೆ ಹತ್ತಿ, ಅಟ್ಟ ದಾಟಿ, ಹೆಂಚಿನ ಮೇಲೆ ಹೋಗಬೇಕು.

ಆ ಅಟ್ಟದಲ್ಲೇ ದುರ್ಗಯ್ಯನ ಜೀವ ಇತ್ತು. ಮನೆಯಲ್ಲಿ ಅಟ್ಟವಿಲ್ಲದೆ, ತನ್ನ ತೋಟದ ಮುನ್ನೂರು ತೆಂಗಿನಕಾಯಿಯನ್ನು ಕದ್ದುಮುಚ್ಚಿ ಅಲ್ಲಿ ಹಾಕಿದ್ದ. ವರ್ಷವಿಡೀ ಹೊಗೆ ಕುಡಿದರೆ ತಾನೆ ಕಾಯಿ ಒಣಗಿ ಉಂಡೆ ಕೊಬ್ಬರಿಯಾಗೋದು? ಹೊಗೆ ನಿಂತರೆ ಕಾಯಿ ಕೊಳೆಯುತ್ತೆ. ಕಾಯಿ ಸಿಕ್ಕಿಬಿದ್ದರೆ ಕೆಲಸ ಹೋಗುತ್ತೆ. ಅದಕ್ಕೇ ಅಟ್ಟದೊಳಗೆ ಕೊಳವೆ ಕಳಚಿ, ಹೊಗೆಯನ್ನೆಲ್ಲ ಕಾಯಿಗೆ ತಿರುಗಿಸಿಬಿಟ್ಟಿದ್ದ.

ಸೋಮವಾರ ಹನ್ನೊಂದಕ್ಕೆ ಯೂನಿವರ್ಸಿಟಿಯಿಂದ ಪ್ರೊಫೆಸರ್ ಮೀನಾಕ್ಷಮ್ಮ ಒಲೆ ನೋಡಲು ಬಂದರು. ಅಡುಗೆಮನೆಯಲ್ಲಿ ಹೊಗೆ ಇಲ್ಲ. ಹೊರಗೆ ಬಂದು ಕತ್ತೆತ್ತಿದರು.

"ಕೊಳವೆಯಲ್ಲೂ ಹೊಗೆ ಇಲ್ವಲ್ರೀ! ಎಲ್ಲಿ ಹೋಯ್ತು?"

ಗಂಗಾಧರಯ್ಯನಿಗೂ ಗೊತ್ತಿರಲಿಲ್ಲ. ಆದರೆ ಓದಿದವರು, ಸುಮ್ಮನಿರುತ್ತಾರಾ? "ಒಲೆಯೇ ಜೀರ್ಣ ಮಾಡ್ಕೊಳ್ಳುತ್ತೆ ಮೇಡಂ."

ಅಷ್ಟರಲ್ಲಿ ಹೆಂಚಿನ ಸಂದಿಗಳಿಂದ, ಎಣ್ಣೆಸ್ನಾನ ಮಾಡಿದ ಬೋಳುತಲೆ ಹಬೆಯಾಡೋ ಹಾಗೆ, ಹೊಗೆ ಎದ್ದಿತು.

"ಅದೇನಯ್ಯ?"

"ಇಬ್ಬನಿ ಆರ್ತಾ ಐತೆ ಅಮ್ಮಾರೇ," ಅಂದ ದುರ್ಗಯ್ಯ.

"ಹನ್ನೊಂದು ಗಂಟೇಲಾ? ಏಣಿ ತನ್ನಿ!"

ದುರ್ಗಯ್ಯ ಏಣಿಯನ್ನೇ ತಬ್ಬಿಕೊಂಡ. "ಬ್ಯಾಡಿ ಅಮ್ಮಾರೇ! ಮ್ಯಾಲೆ ನಾಗರಹಾವೈತೆ!"

ವಾಚ್‌ಮನ್ ಮಾಯಣ್ಣ ದೊಣ್ಣೆ ಹಿಡಿದು ನುಗ್ಗಿದ. "ಎಲ್ಲೈತ್ಲಾ? ಒಂದೇಟಿಗೆ ಮಲಗಿಸ್ತೀನಿ!"

ಪಾತ್ರೆ ತೊಳೆಯುವ ಭೈರಮ್ಮ ದೊಣ್ಣೆ ಕಿತ್ತುಕೊಂಡಳು. "ನಾಗಪ್ಪನ್ನ ಹೊಡೀತೀಯೇನ್ಲಾ? ಕಣ್ ಹೋಯ್ತವೆ!" ಹುಡುಗರ ಕಾಫಿಗಿಟ್ಟ ಹಾಲನ್ನೆಲ್ಲ ತಂದು ಏಣಿಯ ಬುಡದಲ್ಲಿಟ್ಟು ಕೈಮುಗಿದಳು.

ಮೀನಾಕ್ಷಮ್ಮನ ಕಣ್ಣು ಮಿಂಚಿತು. "ಹಾವಾ? ನನ್ನ ಡಾಕ್ಟರೇಟೇ ಹಾವಿನ ಮೇಲೆ ಕಣಯ್ಯ!" ಸೆರಗು ಸಿಕ್ಕಿಸಿ, ಕಾಯಿ ಕೀಳೋರ ಹಾಗೆ ಸರಸರನೆ ಹತ್ತೇಬಿಟ್ಟರು.

ಮೇಲೆ ಕೆಮ್ಮು ಕೇಳಿಸಿತು. ಆಮೇಲೆ ಗುಡುಗುಡು. ಕಾಯಿಯನ್ನು ಕಿವಿ ಹತ್ತಿರ ಅಲ್ಲಾಡಿಸುತ್ತಿದ್ದರು. ಮುಗೀತು ಅನ್ನಿಸಿ ದುರ್ಗಯ್ಯನೂ ಹಾಲಿನ ಮುಂದೆ ಕೈಮುಗಿದ.

ಹಾವಿನ ಮಾತೇ ಮರೆತ ಮಸಿ ಮುಖ ಕೆಳಗಿಣುಕಿತು. "ಅಬ್ಬಬ್ಬಾ! ದಂಡವಾಗೋ ಹೊಗೆಯಲ್ಲಿ ಕೊಬ್ಬರಿ! ಯಾರ ತಲೆಗ್ರೀ ಇದು ಹೊಳೆದದ್ದು?"

ಗಂಗಾಧರಯ್ಯ ಕ್ರಾಪು ಸವರಿಕೊಂಡರು. "ನನ್ ತಲೆಗೇ ಮೇಡಂ. ಕಾಯಿ ಕಾಲೇಜಿನವು. ಅಲ್ವೇನಯ್ಯ ದುರ್ಗಯ್ಯ?"

ನನ್ನವು ಅಂದರೆ ಕೆಲಸ ಹೋಯ್ತು. "ಹೂಂ ಸಾ," ಅಂದ. ಅಬ್ಬ, ಉಳಕಂಡೆ! ನಾಳೆ ಬೆಳಿಗ್ಗೇನೇ ಕಾಯಿ ಸಾಗಿಸಿಬಿಡಬೇಕು.

"ಹಾಗಾದ್ರೆ ಅಷ್ಟೂ ಸ್ಯಾಂಪಲ್ಲು," ಅಂದರು ಮೀನಾಕ್ಷಮ್ಮ. "ಯೂನಿವರ್ಸಿಟಿ ವ್ಯಾನಿಗೆ ತುಂಬಿಸಿ."

ತುಂಬಿದವನು ದುರ್ಗಯ್ಯನೇ. ಮೂಟೆ ಮೂಟೆಯಾಗಿ, ತನ್ನ ಬೆನ್ನ ಮೇಲೆ.

ವ್ಯಾನು ಹೋದಮೇಲೆ ಗಂಗಾಧರಯ್ಯ ಅವನ ಬೆನ್ನು ತಟ್ಟಿದರು. "ಮುಂದಿನ ವರ್ಷಕ್ಕೂ ಮುನ್ನೂರು ಬೇಕಂತೆ ಕಣಯ್ಯ. ನಿಂದೂ ತೋಟ ಇದೆಯಲ್ಲ, ಕಾಲೇಜಿಗೆ ಅಂತ ದಾನ ಕೊಟ್ಬುಡು."

ಹಿಂದಿನಿಂದ ಭೈರಮ್ಮ ಕೂಗಿದಳು. "ಲೇ ದುರ್ಗ, ಹಾಲು ಹಂಗೇ ಐತಲ್ಲೋ! ನಾಗಪ್ಪ ಮುನಿಸ್ಕಂಡವ್ನೆ. ನಾಳೆಯಿಂದ ದಿನಾ ನಿನ್ ಮನೇದೇ ಹಾಲು ತಂದಿಡು!"

ದುರ್ಗಯ್ಯ ಖಾಲಿ ಅಟ್ಟ ನೋಡಿದ. ಅಲ್ಲಿ ಅವನದು ಅಂತ ಉಳಿದಿದ್ದು ಆ ಹಾವೊಂದೇ.