ಆಷಾಢದಲ್ಲಿ ಐಸ್ ಹಾಕಿ

ನಮ್ಮ ಕಾಲೇಜಿನ ಪಿ.ಟಿ. ಸರ್ ಮಾತಾಡುವ ಮೊದಲು ಸೀಟಿಯನ್ನು ತುಟಿಯ ಹತ್ತಿರ ತರುತ್ತಾರೆ. ಊದುವುದಿಲ್ಲ. ಅಂಗಿಗೆ ಒರೆಸಿ ಮತ್ತೆ ಜೇಬಿಗೇ ಹಾಕುತ್ತಾರೆ. ಇಷ್ಟಾಯಿತೆಂದರೆ ಏನೋ ಅನಾಹುತ ಕಾದಿದೆ ಎಂದು ನಮಗೆ ಗೊತ್ತು. ಹೋದ ವರ್ಷ ಹೀಗೇ ಒರೆಸಿಟ್ಟು, "ನಾವು ಹುಡುಗೀರ ಐಸ್ ಹಾಕಿ ಟೀಮ್ ಕಟ್ತಾ ಇದೀವಿ ಕಣ್ರಮ್ಮ" ಎಂದರು. ಚನ್ನಪಟ್ಟಣದಲ್ಲಿ ಐಸ್ ಇರುವುದು ಕಬ್ಬಿನ ಹಾಲಿನ ಅಂಗಡಿಯಲ್ಲಿ ಮಾತ್ರ ಎಂದು ಯಾರೂ ಹೇಳಲಿಲ್ಲ.

ರಾಜ್ಯ ತಂಡಕ್ಕೆ ಆಯ್ಕೆಯಾದರೆ ಹಿಮಾಚಲದಲ್ಲಿ ಒಂದು ತಿಂಗಳ ಶಿಬಿರವಂತೆ. ಒಬ್ಬಳೇ ರಾಮನಗರ ದಾಟದ ನನಗೆ ಆ ಒಂದು ತಿಂಗಳು ಎಷ್ಟು ಬೇಕಾಗಿತ್ತೆಂದರೆ, ಜೀವನದಲ್ಲಿ ಮೊದಲ ಸಲ ಕ್ಲಾಸಿನಲ್ಲಿ ಕೈ ಎತ್ತಿದೆ. ಗೋಲ್‌ಕೀಪರ್ ಆಗ್ತೀನಿ ಎಂದೆ. ಒಂದೇ ಕಡೆ ನಿಲ್ಲುವ ಕೆಲಸ, ಯಾರ ಜೊತೆಗೂ ಮಾತಾಡಬೇಕಿಲ್ಲ.

ಒಳ್ಳೆಯ ಆಟಗಾರ್ತಿಗೆ ಇರಬೇಕಾದ ಗುಣಗಳ ಪಟ್ಟಿ ಸರ್ ಮೊಬೈಲಿನಲ್ಲಿತ್ತು. ಅವರು ಒಂದೊಂದೇ ಗುಣ ಓದಿದರು, ನಮಗೆ ಒಂದೊಂದೇ ಪೆಟ್ಟು ಬಿತ್ತು.

ಸಮತೋಲನ

ಬೇರೆ ದೇಶಗಳಲ್ಲಿ ಹಿಮ ಬಿದ್ದರೆ ಈ ಆಟದ ಸೀಸನ್ ಶುರು. ನಮ್ಮಲ್ಲಿ ಆಷಾಢ ಬಿದ್ದರೆ. ಆ ತಿಂಗಳು ಮದುವೆಗಳಿಲ್ಲದೆ ಕಲ್ಯಾಣ ಮಂಟಪ ಖಾಲಿ. ಅದರ ಊಟದ ಹಾಲ್ ನಮ್ಮ ಮೈದಾನ. ಐಸ್ ಇಲ್ಲದ್ದರಿಂದ ಕಾಲಿಗೆ ಚಕ್ರದ ಸ್ಕೇಟ್ಸ್. ಮಂಟಪದ ವಾಚ್‌ಮನ್ ತಾತ ಬಾಗಿಲಲ್ಲೇ ತಡೆದರು.

"ಎಲೆ ಹಾಕೋ ಜಾಗ ಕಣ್ರವ್ವ ಇದು. ಚಕ್ರ ತೊಳ್ಕಂಡು ಬನ್ನಿ."

ತೊಳೆದೆವು. ಒದ್ದೆ ಚಕ್ರದಲ್ಲಿ ಹಾಲ್‌ಗೆ ಇಳಿದೆವು. ಸರ್ ಕೂಡ ಇಳಿದರು.

"ಇದರ ಮೇಲೆ ನಿಂತೋರಿಗೆ ಐಸ್ ಯಾವ ಲೆಕ್ಕ ಕಣ್ರಮ್ಮ!" ಎಂದರು, ನೆಲದ ಮೇಲಿಂದ.

ಚಳಿ ತಡೆಯುವ ಶಕ್ತಿ

ಸರ್ ಕಬ್ಬಿನ ಹಾಲಿನ ಅಂಗಡಿಯಿಂದ ಒಂದು ದೊಡ್ಡ ಐಸ್ ಗಡ್ಡೆ ತರಿಸಿದರು. ಬರಿಗಾಲಲ್ಲಿ ಒಬ್ಬೊಬ್ಬರೂ ಎರಡು ನಿಮಿಷ ಅದರ ಮೇಲೆ ನಿಲ್ಲಬೇಕು. ಟೀಮಿನ ಎಂಟೂ ಜನ ನಿಂತೆವು. ಕೊನೆಯವಳು ಇಳಿಯುವಷ್ಟರಲ್ಲಿ ಅಂಗಡಿಯವನು ಗೋಣಿಚೀಲ ಹಿಡಿದು ಬಂದ.

"ಆಯ್ತಾ ಸಾ? ತಗಂಡೋಗ್ಲಾ? ಅಂಗ್ಡಿ ಮುಂದೆ ಜನ ಕಾಯ್ತಾವ್ರೆ."

ಅವತ್ತಿನಿಂದ ನಮ್ಮ ಟೀಮಿನವರೆಲ್ಲ ಎಳನೀರೇ ಕುಡಿಯುವುದು.

ಕಣ್ಣು ಕೈ ಹೊಂದಾಣಿಕೆ

ಈ ಆಟದಲ್ಲಿ ಚೆಂಡಿಲ್ಲ, ಪಕ್ ಎಂಬ ದುಂಡನೆಯ ಬಿಲ್ಲೆ. ನಮ್ಮೂರಲ್ಲಿ ದುಂಡಗಿರುವುದು ಏನು ಬೇಕಾದರೂ ಗೊಂಬೆ ಮಾಡುವ ಭಾಯ್ ಹತ್ತಿರ ಹೋಗಬೇಕು. ಅವರು ಮರ ಕಡೆದು, ಅರಗು ಹಚ್ಚಿ, ಹಳದಿ ಮೇಲೆ ಕೆಂಪು ಬಳೆ ಎಳೆದು ಕೊಟ್ಟರು.

"ಗಟ್ಟಿ ಇದೆಯಾ ಭಾಯ್? ಜೋರಾಗಿ ಹೊಡೀತಾರೆ" ಎಂದರು ಸರ್.

"ಹೊಡೆಯೋದಾ?" ಭಾಯ್ ಮುಖ ಸಣ್ಣದಾಯಿತು. "ಮಗು ಬಾಯಿಗೆ ಹಾಕ್ಕೊಂಡ್ರೂ ಏನೂ ಆಗಬಾರ್ದು ಅಂತ ಬಣ್ಣ ಹಾಕಿದ್ದೀನಿ ಸಾಬ್."

ಮೊದಲ ದಿನವೇ ಅದು ನೇರ ನನ್ನ ಬಾಯಿಗೆ ಬಂತು. ತುಟಿ ಊದಿತು. ಬಣ್ಣದಿಂದ ಮಾತ್ರ, ಭಾಯ್ ಹೇಳಿದಂತೆ, ಏನೂ ಆಗಲಿಲ್ಲ.

ಆಕ್ರಮಣ

ಎದುರಾಳಿಯನ್ನು ಭುಜದಿಂದ ಗುದ್ದಿ ಬೀಳಿಸಬಹುದು, ತಪ್ಪಲ್ಲ ಎಂದು ಸರ್ ಓದಿ ಹೇಳಿದರು. ಬೆಳಿಗ್ಗೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು, ಆಮೇಲೆ ಬಸ್ಸು ಹಿಡಿದು ಬರುವ ಹೊಂಗನೂರಿನ ಹುಡುಗಿಗೆ ಅದನ್ನು ಎರಡನೇ ಸಲ ಹೇಳಬೇಕಾಗಲಿಲ್ಲ. ನಮ್ಮನಮ್ಮಲ್ಲೇ ಎರಡು ಕಡೆ ಮಾಡಿ ಆಡುವಾಗ ಅವಳು ಗುದ್ದಿದ ಹುಡುಗಿ ಕೈ ತೊಳೆಯುವ ಬೇಸಿನ್ನುಗಳ ತನಕ ಜಾರಿ ಹೋದಳು. ಗುದ್ದಿದವಳು ಸ್ಟಿಕ್ ಬಿಸಾಕಿ ಹಿಂದೆಯೇ ಓಡಿದಳು.

"ಅಯ್ಯೋ, ಏಟಾಯ್ತೇನೇ? ಒಸಿ ನೀರ್ ಕುಡಿ. ಎಲ್ಲಿ, ಬೆನ್ ತೋರ್ಸು."

ಅಷ್ಟರಲ್ಲಿ ಆ ಕಡೆಯವರು ಎರಡು ಗೋಲು ಹೊಡೆದಿದ್ದರು.

"ಬೀಳಿಸಿದ ಮೇಲೆ ಮುಂದಕ್ಕೆ ಹೋಗಬೇಕಮ್ಮ!" ಸರ್ ಕೂಗಿದರು.

"ಬಿದ್ದೋಳ್ನ ಬುಟ್ಟು ಹೋಗಕ್ಕೆ ನಾನೇನ್ ನಮ್ಮೂರ್ ಬಸ್ಸಾ ಸಾ?"

ಮನಸ್ಥೈರ್ಯ

ಆಯ್ಕೆ ನಡೆದದ್ದು ಬೆಂಗಳೂರಿನ ಒಂದು ಮಾಲ್‌ನಲ್ಲಿ. ನಿಜವಾದ ಐಸ್ ಮೇಲೆ ನಾವು ಕಾಲಿಟ್ಟದ್ದೂ ಅವತ್ತೇ. ಒಬ್ಬೊಬ್ಬರಾಗಿ ನಮ್ಮವರೆಲ್ಲ ಬಿದ್ದರು. ನನ್ನನ್ನು ಯಾರೋ ತಳ್ಳುಗಾಡಿ ತಳ್ಳಿದಂತೆ ಗೋಲಿನ ತನಕ ತಳ್ಳಿ ಬಿಟ್ಟರು. ಕೈ ಹಿಂದಕ್ಕೆ ಮಾಡಿ ಗೋಲಿನ ಕಂಬಿ ಹಿಡಿದುಕೊಂಡೆ. ಪಕ್ ಮೊಣಕಾಲಿಗೆ ಬಂತು, ಹೊಟ್ಟೆಗೆ ಬಂತು, ಹೆಲ್ಮೆಟ್ಟಿಗೆ ಬಂತು. ಕಂಬಿ ಬಿಟ್ಟರೆ ತಾನೇ ನಾನು ಪಕ್ಕಕ್ಕೆ ಸರಿಯುವುದು!

"ನೋಡಿ ಸರ್, ಹುಡುಗಿ ಅಲ್ಲಾಡಲ್ಲ!" ನಮ್ಮ ಸರ್ ಹೊರಗಿಂದ ಎಗರಾಡುತ್ತಿದ್ದರು. ಆಯ್ಕೆದಾರರು ಮೆಚ್ಚಿ ತಲೆಯಾಡಿಸುತ್ತಾ ಏನೋ ಬರೆದುಕೊಂಡರು.

ಆಟ ಮುಗಿಯಿತು. ಎಲ್ಲರೂ ಹೊರಗೆ ಹೋದರು. ಮೈಕಿನಲ್ಲಿ ಮೊದಲು ಬಂದದ್ದೇ ನನ್ನ ಹೆಸರು. ಆಯ್ಕೆಯಾದವರು ಐದು ನಿಮಿಷದೊಳಗೆ ಬಂದು ಫಾರಂಗೆ ಸೈನ್ ಹಾಕಬೇಕು, ಬಾರದಿದ್ದರೆ ಆ ಜಾಗ ಮುಂದಿನವರಿಗೆ.

ಎರಡನೇ ಸಲ ಕೂಗಿದರು. ನಾನೂ ಎಲ್ಲರ ಜೊತೆ ಹೊರಗೆ ಬಂದೆನೆಂದುಕೊಂಡು ಸರ್ ನನ್ನನ್ನು ಹುಡುಕುತ್ತಾ ಎಸ್ಕಲೇಟರ್ ಹತ್ತಿ ಹೋಗುವುದು ಗಾಜಿನಾಚೆ ಕಾಣಿಸುತ್ತಿತ್ತು. ಮೂರನೇ ಸಲ ಕೂಗಿದರು. ನಾನು ಇನ್ನೂ ಕಂಬಿ ಬಿಟ್ಟಿರಲಿಲ್ಲ. ಇಡೀ ಐಸ್ ಮೇಲೆ ಇದ್ದವನು ಒಬ್ಬನೇ, ಆ ತುದಿಯಲ್ಲಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ನನಗೆ ಬೆನ್ನು ಮಾಡಿ ಐಸ್ ಒರೆಸುತ್ತಿದ್ದವನು.

"ಅಣ್ಣಾ," ಎಂದೆ, "ನನ್ನನ್ನ ಒಂಚೂರು ಬಾಗಿಲ ತನಕ ತಳ್ಳಿಬಿಡ್ತೀರಾ?"