ಪೀಪಾಯಿಗೊಂದು ರಜಾಯಿ

ಅತ್ತೆಯ ಮನೆಯಲ್ಲಿದ್ದುಕೊಂಡು ಸ್ವಂತ ಹೆಸರು ಸಂಪಾದಿಸುವುದು ಎಷ್ಟು ಕಷ್ಟವೆಂದು ತಿಳಿಯಬೇಕಾದರೆ ಅಲೋಯಿಸನನ್ನು ಕೇಳಬೇಕು. ಮೋಸೆಲ್ ನದಿಯ ದಡದ ಆ ಊರಿಗೆ ಅವನು ಮನೆಯಳಿಯನಾಗಿ ಬಂದು ಇಪ್ಪತ್ತೆಂಟು ವರ್ಷವಾಗಿತ್ತು. ಅಷ್ಟೂ ವರ್ಷ ಗೋಡೆಯಂತೆ ಕಡಿದಾದ ಗುಡ್ಡದಲ್ಲಿ ಬಳ್ಳಿ ಕಟ್ಟಿದ್ದ, ಗೊಂಚಲು ಹೊತ್ತಿದ್ದ, ಪೀಪಾಯಿಗಳನ್ನು ತಿಕ್ಕಿ ತೊಳೆದಿದ್ದ. ಆದರೆ ವೈನು ಮಾಡುವವರು ಮಾತ್ರ ಎಂಬತ್ತೊಂದು ವರ್ಷದ ಅತ್ತೆ ಓಟಿಲಿಯಾ. ಆಕೆ ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡು, ಬೀಜ ಕಡಿದು, ಆಕಾಶ ನೋಡಿ "ಗುರುವಾರ" ಎಂದರೆ ಗುರುವಾರವೇ ಕೊಯ್ಲು. ಶುಕ್ರವಾರ ಮಳೆ ಹೊಡೆದು, ಆಕೆಯ ಮಾತು ಕೇಳದ ಪಕ್ಕದ ತೋಟದ ಎಗೋನನ ಹಣ್ಣು ಕೊಳೆಯುವುದೂ ಅಷ್ಟೇ ನಿಶ್ಚಯ. ಅಲೋಯಿಸನಿಗೆ ಅತ್ತೆಯ ಮೇಲೆ ಇದ್ದದ್ದು ಸಿಟ್ಟೋ ಭಕ್ತಿಯೋ, ಅವನಿಗೇ ಗೊತ್ತಿರಲಿಲ್ಲ. (ಬಹುಶಃ ವಾರದ ದಿನಗಳಲ್ಲಿ ಸಿಟ್ಟು, ಭಾನುವಾರ ಭಕ್ತಿ.)

ಆ ವರ್ಷ ಕೊಯ್ಲಿಗೆ ಮುಂಚೆ ಆಕೆಯೇ ಕರೆದು ಹೇಳಿದರು. "ಗುಡ್ಡದ ನೆತ್ತಿ ಮೇಲಿನ ಹಳೇ ಬಳ್ಳಿ ಸಾಲು ಈ ಸಲ ನಿಂದು. ಒಂದು ಪೀಪಾಯಿ ಆಗುತ್ತೆ. ಚೆನ್ನಾಗಿ ಬಂದ್ರೆ ಬರೋ ವರ್ಷದಿಂದ ಅರ್ಧ ಗುಡ್ಡ ನೀನೇ ನೋಡ್ಕೋ. ಕೆಟ್ರೆ, ನಾನು ಸಾಯೋ ತನಕ ಪೀಪಾಯಿ ತೊಳ್ಕೊಂಡಿರು."

"ಅದ್ಯಾವಾಗ ಅತ್ತೆ?" ಎಂಬ ಮಾತು ಅಲೋಯಿಸನ ಬಾಯಿಂದ ಜಾರಿಬಿಟ್ಟಿತು.

"ಕೊಯ್ಲಿನ ಹಾಗೇ ಕಣಪ್ಪ. ದಿನ ನಾನೇ ಹೇಳ್ತೀನಿ."

ಅಲೋಯಿಸ್ ಒಂದು ಪೀಪಾಯಿಯ ಮೇಲೆ ಸೀಮೆಸುಣ್ಣದಿಂದ ಮೊಳದುದ್ದ ತನ್ನ ಹೆಸರು ಬರೆದ. ಹಣ್ಣು ಕೊಯ್ದು, ಹಿಂಡಿ, ರಸವನ್ನು ಅದರಲ್ಲಿ ತುಂಬಿದ. ಖುಷಿಯಲ್ಲಿ ಬುಟ್ಟಿ ತರಲು ಮತ್ತೆ ಗುಡ್ಡ ಹತ್ತಿದವನು ಸಡಿಲ ಕಲ್ಲಿನ ಮೇಲೆ ಕಾಲಿಟ್ಟು ಜಾರಿ, ಹದಿನಾಲ್ಕು ಸಾಲು ಬಳ್ಳಿಗಳಿಗೆ ಕುಂಡೆಯಿಂದಲೇ ನಮಸ್ಕರಿಸುತ್ತಾ ಬುಡಕ್ಕೆ ಬಂದು ಸೇರಿದ. ಸೊಂಟ ಹಿಡಿದು ಒಂದು ವಾರ ಹಾಸಿಗೆ ಬಿಡಲಿಲ್ಲ.

ಎಂಟನೆಯ ದಿನ ಕೋಲೂರಿಕೊಂಡು ನೆಲಮಾಳಿಗೆಗೆ ಇಳಿದ. ಇಪ್ಪತ್ತೆಂಟು ಕೊಯ್ಲುಗಳಲ್ಲಿ ಕೇಳಿದ್ದರೂ ರಸ ಹುದುಗುವ ಸದ್ದಿಗೆ ಅವನ ಮೈ ಜುಮ್ಮೆನ್ನುತ್ತಿತ್ತು. ಆ ಮನೆಯಲ್ಲಿ ರಸಕ್ಕೆ ಯಾರೂ ಹುದುಗು ಹಾಕುವುದಿಲ್ಲ. ಸಿಪ್ಪೆಗೆ ಅಂಟಿಕೊಂಡು ಬಂದ ಕಣ್ಣಿಗೆ ಕಾಣದ ಜೀವಗಳೇ ಕತ್ತಲಲ್ಲಿ ಎಚ್ಚೆತ್ತು ಕೆಲಸಕ್ಕೆ ತೊಡಗುತ್ತವೆ. ಪೀಪಾಯಿಗಳ ಬಾಯಿಗೆ ಸಿಕ್ಕಿಸಿದ ಗಾಜಿನ ಕೊಳವೆಗಳಲ್ಲಿ ಗುಳುಗುಳು, ಗುಳುಗುಳು. ಬೆಟ್ಟವೇ ಒಳಗೆ ಕುಳಿತು ಉಸಿರಾಡುತ್ತಿದೆ ಅನ್ನಿಸುತ್ತಿತ್ತು ಅವನಿಗೆ.

ಎಲ್ಲ ಪೀಪಾಯಿಗಳೂ ಮಾತಾಡುತ್ತಿದ್ದವು. ಅವನ ಹೆಸರಿನದೊಂದು ಮಾತ್ರ ತುಟಿ ಬಿಚ್ಚಿರಲಿಲ್ಲ! ಸಾಲದ್ದಕ್ಕೆ ಯಾರೋ ಅದರ ಕೊಳವೆ ಕಿತ್ತು ಬಿರಡೆ ಜಡಿದಿದ್ದರು. ಬೈದುಕೊಂಡು ಕೊಳವೆ ಸಿಕ್ಕಿಸಿದ. ಒಂದು ವಾರ ಕಾದ. ಏನೂ ಇಲ್ಲ.

"ಅದು ಹುದುಗೋದಿಲ್ಲ ಅಲೋಯಿಸ್, ಅದರ ಪಾಡಿಗೆ ಬಿಡು" ಎಂದರು ಅತ್ತೆ, ಮೆಟ್ಟಿಲ ಮೇಲಿಂದಲೇ.

ಎಂಥ ಕೆಟ್ಟ ಬಾಯಿ! ಅಳಿಯನ ಮೊದಲ ಪೀಪಾಯಿಗೆ ಶಾಪ ಹಾಕುವುದೇ? ಅಲೋಯಿಸನಿಗೆ ಛಲ ಬಂತು. ನೆಲಮಾಳಿಗೆಯ ಚಳಿಗೆ ರಸ ಮುದುರಿಕೊಂಡಿದೆ ಎಂದು ತೀರ್ಮಾನಿಸಿ, ಒಲೆಯಲ್ಲಿ ಕಾಯಿಸಿದ ಇಟ್ಟಿಗೆಗಳನ್ನು ಸುತ್ತಲೂ ಇಟ್ಟ. ಚರ್ಚಿನ ಹಾಡುಗಳನ್ನೆಲ್ಲ ಹಾಡಿದ. ಕೊನೆಗೆ ಮದುವೆಯಲ್ಲಿ ಬಂದಿದ್ದ ಹೆಬ್ಬಾತಿನ ಗರಿಯ ರಜಾಯಿಯನ್ನೇ ಹೊತ್ತುಕೊಂಡು ಹೋಗಿ ಪೀಪಾಯಿಗೆ ಹೊದಿಸಿದ.

"ಅಲ್ಲ ಮಾರಾಯ, ನಾನು ಏನು ಹೊದ್ಕೊಳ್ಳಲಿ?" ಎಂದು ಹೆಂಡತಿ ಗೆರ್ಲಿಂಡ ಎಗರಿದಳು.

"ನಂಗೂ ನಿಂಗೂ ಇನ್ನೊಂದು ಇದೆಯಲ್ಲ."

"ಅದು ಒಬ್ಬರಿಗಾಗೋದು. ನಾನು ಹೊದ್ಕೋತೀನಿ. ನೀನು ಪೀಪಾಯಿನೇ ತಬ್ಕೊಂಡು ಮಲಗು. ಇಷ್ಟು ವರ್ಷದಲ್ಲಿ ನಂಗೊಂದು ದಿನ ಹಾಡು ಹಾಡಿದ್ದೀಯಾ?"

"ನೀನು ಪೀಪಾಯಿಯಲ್ಲವಲ್ಲೇ!"

ಈ ಉತ್ತರದ ಫಲವಾಗಿ ಅವನಿಗೆ ಮೂರು ದಿನ ಬಿಸಿ ಸೂಪು ಸಿಗಲಿಲ್ಲ. ರಜಾಯಿಯೂ ಇಲ್ಲದೆ, ಡಿಸೆಂಬರಿನ ಹೊತ್ತಿಗೆ ಎಂಥ ನೆಗಡಿ ಹಿಡಿಯಿತೆಂದರೆ, ಬೆಳ್ಳುಳ್ಳಿಯನ್ನು ಮೂಗಿಗೆ ಹಿಡಿದರೂ ಗುಲಾಬಿಯನ್ನು ಹಿಡಿದರೂ ಅವನಿಗೆ ಒಂದೇ ಆಯಿತು.

ಕ್ರಿಸ್‌ಮಸ್ಸಿಗೆ ನಾಲ್ಕು ದಿನವಿರುವಾಗ, ಬಿಸಿ ಇಟ್ಟಿಗೆ ಬದಲಾಯಿಸುತ್ತಿದ್ದಾಗ, ಕೊಳವೆಯಲ್ಲಿ ಒಂದು ಗುಳ್ಳೆ ಎದ್ದು "ಗುಳುಕ್" ಎಂದಿತು. ಒಂದೇ ಒಂದು. ಅಲೋಯಿಸ್ ತಣ್ಣನೆಯ ನೆಲದ ಮೇಲೆ ಮೊಣಕಾಲೂರಿಬಿಟ್ಟ. ಕಣ್ಣಲ್ಲಿ ನೀರು ಬಂತು. ಇಷ್ಟು ದಿನ ಇದು ಸುಮ್ಮನಿರಲಿಲ್ಲ, ಮೌನವಾಗಿ ತಪಸ್ಸು ಮಾಡುತ್ತಿತ್ತು ಎಂದು ಅವನಿಗೆ ಖಾತ್ರಿಯಾಯಿತು. ಬೆಳಗಾಗುವುದರೊಳಗೆ ಅತ್ತೆಗೂ ಗೆರ್ಲಿಂಡಳಿಗೂ ಬಿಟ್ಟು ಊರಿಗೆಲ್ಲ ಸುದ್ದಿ ಹೋಯಿತು.

ಡಿಸೆಂಬರ್ ಇಪ್ಪತ್ತೇಳು ಸಂತ ಯೊವಾನ್ನರ ಹಬ್ಬ. ಅಂದು ಮನೆಮನೆಯವರೂ ತಮ್ಮ ವೈನು ತಂದು ಚರ್ಚಿನಲ್ಲಿ ಆಶೀರ್ವಾದ ಪಡೆದು, ಒಬ್ಬರಿಗೊಬ್ಬರು ಹಂಚಿ ಕುಡಿಯುತ್ತಾರೆ. ಅಲೋಯಿಸ್ ಮಣ್ಣಿನ ಹೂಜಿಯಲ್ಲಿ ತನ್ನ ಪೀಪಾಯಿಯದನ್ನು ತುಂಬಿಕೊಂಡು, ಮದುಮಗನಂತೆ ಎಲ್ಲರಿಗಿಂತ ಮುಂದೆ ನಿಂತ. ಆಶೀರ್ವಾದವಾಗುವ ತನಕ ರುಚಿ ನೋಡುವುದಿಲ್ಲ ಎಂಬ ವ್ರತ ಬೇರೆ. ಅತ್ತೆ ಹೂಜಿ ನೋಡಿದರು, ಅಳಿಯನನ್ನು ನೋಡಿದರು, ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಪೂಜೆಯ ಗಂಟೆ ಮೊಳಗಿತು.

ಫಾದರ್ ಕಿಲಿಯಾನ್ ಶಿಲುಬೆ ಗುರುತು ಹಾಕಿ ಮೊದಲ ಬಟ್ಟಲನ್ನು ಅಲೋಯಿಸನ ಹೂಜಿಯಿಂದಲೇ ತುಂಬಿಸಿಕೊಂಡರು. ತಿಳಿ ಹೊಂಬಣ್ಣ, ನೋಡಲು ಲಕ್ಷಣವಾಗಿತ್ತು. ಒಂದು ಗುಟುಕು ಕುಡಿದರು. ಕಣ್ಣು ಮುಚ್ಚಿದರು. ಊರಿಗೆ ಊರೇ ಉಸಿರು ಬಿಗಿಹಿಡಿಯಿತು.

"ಅಲೋಯಿಸ್," ಎಂದರು ಮೆಲ್ಲಗೆ, "ಕಾನಾ ಊರಿನ ಮದುವೇಲಿ ಯೇಸುಸ್ವಾಮಿ ನೀರನ್ನ ವೈನು ಮಾಡಿದ್ರು. ಅದನ್ನ ತಿರುಗಾಮುರುಗಾ ಮಾಡಿದ್ದು, ನಾನು ಕಂಡ ಹಾಗೆ, ನೀನೊಬ್ಬನೇ."

ನೀರು! ಎರಡು ತಿಂಗಳು ಮರದಲ್ಲಿ ನೆಂದು ಹಳದಿಯಾದ ಬಾವಿ ನೀರು!

ಅತ್ತೆ ನಿಧಾನವಾಗಿ ಎದ್ದು ಬಂದರು. "ನೀನು ಬಿದ್ದ ದಿನವೇ ನಿನ್ನ ಪೀಪಾಯಿ ಸೋರ್ತಾ ಇತ್ತು. ರಸ ಎಲ್ಲ ಮೂಲೇಲಿದ್ದ ಪೀಪಾಯಿಗೆ ದಾಟಿಸಿ, ಹಲಗೆ ಊದಿಕೊಳ್ಳಲಿ ಅಂತ ಇದಕ್ಕೆ ನೀರು ತುಂಬಿದೆ. ಗೆರ್ಲಿಂಡ ಹೇಳಿರ್ತಾಳೆ ಅಂದ್ಕೊಂಡೆ."

"ಅಮ್ಮ ಹೇಳಿರ್ತಾರೆ ಅಂದ್ಕೊಂಡೆ" ಎಂದಳು ಗೆರ್ಲಿಂಡ.

"ಮತ್ತೆ ಆ ಇಟ್ಟಿಗೆ, ರಜಾಯಿ..." ಎಂದ ಅಲೋಯಿಸ್.

"ಬೆಚ್ಚಗಿದ್ರೆ ಹಲಗೆ ಬೇಗ ಊದುತ್ತೆ ಅಂತ ಮಾಡ್ತಿದ್ದೀಯ ಅಂದ್ಕೊಂಡೆ. ಪರವಾಗಿಲ್ಲ, ಬುದ್ಧಿ ಬಂತು ಅಂತ ಖುಷಿಪಟ್ಟೆ. ಹಾಡು ಯಾಕೆ ಅಂತ ಮಾತ್ರ ಗೊತ್ತಾಗಲಿಲ್ಲ."

ಚರ್ಚಿನಲ್ಲಿ ಎದ್ದ ನಗುವಿಗೆ ಮೇಣದಬತ್ತಿಗಳು ಆರಲಿಲ್ಲ ಎಂಬುದೇ ದೊಡ್ಡದು. ಅರ್ಧ ಗುಡ್ಡ ಹೋಯಿತು, ಸಾಯುವ ತನಕ ಪೀಪಾಯಿ ತೊಳೆಯುವುದೇ ಗತಿ ಎಂದು ಅಲೋಯಿಸ್ ತಲೆ ತಗ್ಗಿಸಿದ. ಆಗ ಅತ್ತೆ ಚೀಲದಿಂದ ಒಂದು ಬಾಟಲಿ ತೆಗೆದು ಫಾದರ್ ಮುಂದಿಟ್ಟರು. "ಇದು ಅವನದು. ಮೂಲೆ ಪೀಪಾಯಿದು."

ಬಟ್ಟಲು ಕೈಯಿಂದ ಕೈಗೆ ಹೋಯಿತು. ನಗು ಒಂದೊಂದೇ ಸಾಲಿನಲ್ಲಿ ನಿಂತುಹೋಯಿತು. ಎಗೋನ್ ತನಗರಿವಿಲ್ಲದೆ ಕುಳಿತುಕೊಂಡ. ಅಲೋಯಿಸ್ ಕೊನೆಗೆ ಕುಡಿದ. ಕಟ್ಟಿದ್ದ ಮೂಗೂ ಬಿಟ್ಟಿತೋ ಏನೋ, ಕಾದ ಕಲ್ಲು, ಮಂಜು, ಸೇಬಿನಂಥ ಒಂದು ಹುಳಿ, ಆ ನೆತ್ತಿಯ ಸಾಲಿನ ಇಡೀ ಬೇಸಿಗೆ ಅವನ ನಾಲಿಗೆಯ ಮೇಲೆ ಇಳಿಯಿತು. ಇದು ನನ್ನ ಬಳ್ಳಿಯದೇ? ಇಂಥದ್ದನ್ನು ಅತ್ತೆಯೂ ಮಾಡಿರಲಿಲ್ಲ.

"ಇದನ್ನ ಹೇಗಪ್ಪ ಮಾಡಿದೆ?" ಫಾದರ್ ಪಿಸುಗುಟ್ಟಿದರು.

ಅಲೋಯಿಸ್ ಎದೆ ಸೆಟೆಸಿ ಉತ್ತರಕ್ಕೆ ಹುಡುಕಾಡುವಷ್ಟರಲ್ಲಿ ಅತ್ತೆಯೇ ಹೇಳಿದರು. "ಅವನು ಒಂದು ದಿನಾನೂ ಅದರ ಹತ್ತಿರ ಹೋಗಲಿಲ್ಲ ಫಾದರ್, ಅಷ್ಟೇ. ಮಾತು ಕೊಟ್ಟಿದ್ದೀನಿ, ಅರ್ಧ ಗುಡ್ಡ ಅವನದೇ. ಬರೋ ವರ್ಷ ಇನ್ನೂ ನಾಲ್ಕು ಪೀಪಾಯಿಗೆ ನೀರು ತುಂಬಿಸಿ ಕೊಡ್ತೀನಿ."